ಚಿನ್ನದ ಗಣಿಯೂರಿನ ಹೂಗಡಿಯಾರ

ಬಂಗಾರಪೇಟೆಯಲ್ಲಿ ಏಪ್ರಿಲ್ ತಿಂಗಳ ಬೆಳಗಿನ ಆರು ಗಂಟೆ ಎಂದರೆ ದಾಸವಾಳದ ಗಂಟೆ. ಹತ್ತು ಎಂದರೆ ಹತ್ತು ಗಂಟೆ ಹೂವಿನ ಗಂಟೆ. ಹೆಸರಲ್ಲೇ ಸಮಯ ಇದೆ, ವಿವರಿಸಬೇಕಾಗಿಲ್ಲ. ನಡುಮಧ್ಯಾಹ್ನ ಕಾಗದದ ಹೂವಿನದು. ನಾಲ್ಕೂವರೆ, ಐದಕ್ಕೆ ಸಂಜೆಮಲ್ಲಿಗೆ ಕಣ್ಣು ಬಿಡುತ್ತದೆ. ದೀಪ ಹಚ್ಚುವ ಹೊತ್ತಿಗೆ ದುಂಡುಮಲ್ಲಿಗೆ ಘಮ್ಮೆನ್ನುತ್ತದೆ. ಪರೀಕ್ಷೆ ಮುಗಿಸಿ ಅಜ್ಜಿಮನೆಗೆ ಬಂದಿರುವ ಮಕ್ಕಳು ಒಂದು ದಿನ ಮೊಬೈಲನ್ನು ಪಕ್ಕಕ್ಕಿಟ್ಟು, ಗೋಡೆ ಗಡಿಯಾರವನ್ನೂ ನೋಡದೆ, ಬರೀ ಹೂಗಳನ್ನು ನೋಡಿ ಗಂಟೆ ಹೇಳಲು ಪ್ರಯತ್ನಿಸಬಹುದು. ಅಜ್ಜ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೈಗಡಿಯಾರ ಮದುವೆಯ ಉಡುಗೊರೆಯಾಗಿದ್ದ ಕಾಲದಲ್ಲಿ ಬೆಳೆದವರು ಅವರು.

ಇದು ನನ್ನ ತಲೆಯಲ್ಲಿ ಹುಟ್ಟಿದ ಯೋಚನೆಯಲ್ಲ. ಸ್ವೀಡನ್ ದೇಶದ ಕಾರ್ಲ್ ಲಿನಿಯಸ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರನ್ನು ಹೈಸ್ಕೂಲು ಮಕ್ಕಳು ಕೇಳಿರುತ್ತೀರಿ. ಗಿಡಮರಗಳಿಗೂ ಪ್ರಾಣಿಗಳಿಗೂ ಎರಡೆರಡು ಪದಗಳ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಅವನೇ. 1751ರಲ್ಲಿ ಬಂದ ತನ್ನ ಪುಸ್ತಕವೊಂದರಲ್ಲಿ ಅವನು ಯಾವ ಹೂ ಎಷ್ಟು ಹೊತ್ತಿಗೆ ಅರಳುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಪಟ್ಟಿ ಮಾಡಿ, ಹೂಗಳಿಂದಲೇ ಒಂದು ಗಡಿಯಾರ ಮಾಡಬಹುದು ಎಂದು ಬರೆದ. ಆದರೆ ಅವನ ಪಟ್ಟಿ ಉಪ್ಸಾಲಾ ಊರಿನದು. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಅದನ್ನು ತಂದು ಕೋಲಾರ ಜಿಲ್ಲೆಯಲ್ಲಿ ಇಟ್ಟರೆ ನಡೆಯುವುದಿಲ್ಲ. ಆಯಾ ಊರಿನ ಹೂಗಡಿಯಾರವನ್ನು ಆಯಾ ಊರಿನವರೇ ಬರೆದುಕೊಳ್ಳಬೇಕು.

ನಮ್ಮ ಊರುಗಳಿಗೆ ಇನ್ನೊಂದು ಗಡಿಯಾರವೂ ಇತ್ತು. ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ಕೆಜಿಎಫ್‌ಗೆ, ರೈಲಿನಲ್ಲಿ ಸುಮಾರು 16 ಕಿಲೋಮೀಟರು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ಕವಲು ಹಳಿ ಹಾಕಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ, ಈ ನಿಲ್ದಾಣಗಳ ಹೆಸರೆಲ್ಲ ಗಣಿಯ ನೆನಪೇ. ಗಣಿ ನಡೆಯುತ್ತಿದ್ದಾಗ ಸೈರನ್ ಕೂಗಿದರೆ ಪಾಳಿ ಬದಲು. ಆ ಕೂಗಿಗೆ ಒಲೆ ಹಚ್ಚುತ್ತಿದ್ದರು, ಆ ಕೂಗಿಗೆ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಅಗೆದು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ಸೈರನ್ ನಿಂತ ಮೇಲೂ ತಪ್ಪದೆ ಸಮಯ ಹೇಳುತ್ತಿರುವುದು ಮನೆ ಮುಂದಿನ ಗಿಡಗಳು.

ಕೆಜಿಎಫ್ ಎಂದ ಕೂಡಲೇ ಈಗಿನ ಮಕ್ಕಳ ಕಣ್ಣಿಗೆ ಬರುವುದು ಸಿನಿಮಾ. ಕಪ್ಪು, ದೂಳು, ಸುತ್ತಿಗೆ, ಹೊಗೆ. ದೂಳು ನಿಜವೇ. ಅದಿರನ್ನು ಪುಡಿಮಾಡಿ ಸೈನೈಡ್ ನೀರಿನಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮಣ್ಣನ್ನು ರಾಶಿ ಹಾಕಿ ಹಾಕಿ ಗುಡ್ಡಗಳೇ ಆಗಿವೆ. ಮಾರ್ಚ್ ಏಪ್ರಿಲ್‌ನಲ್ಲಿ ಗಾಳಿ ಎದ್ದರೆ ಆ ಸೈನೈಡ್ ದಿಬ್ಬಗಳ ಬೂದುಬಣ್ಣದ ಪುಡಿ ಹಾರಿ ಬಂದು ಎಲೆಗಳ ಮೇಲೆ ಕೂರುತ್ತದೆ. ಆದರೆ ಅದೇ ಮಾರ್ಚ್ ಏಪ್ರಿಲ್‌ನಲ್ಲೇ ಇಲ್ಲಿನ ಹೂವಿನ ಕಾಲವೂ ಶುರುವಾಗುವುದು.

ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ತೋಟಗಳ ಬಗ್ಗೆ ಹಿರಿಯರು ಬಹಳ ಹೇಳುತ್ತಾರೆ. ಈ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುತ್ತಿದ್ದ ಕಾಲ. ಸುಮಾರು 2,800 ಅಡಿ ಎತ್ತರದ ಊರು, ಚಳಿಗಾಲದಲ್ಲಿ ಹವೆ ತಂಪು. ಪ್ಯಾನ್ಸಿ, ಫ್ಲಾಕ್ಸ್, ಸ್ವೀಟ್ ಪೀ ಮುಂತಾದ ಸೀಮೆಹೂಗಳಿಗೆ ಡಿಸೆಂಬರ್ ಜನವರಿ ಹಿಡಿಸುತ್ತದೆ. ಬಿಸಿಲು ಏರಿತೋ ಅವು ಮುಗಿದವು. ಯುಗಾದಿಯ ಹೊತ್ತಿಗೆ ಅಂಥ ಪಾತಿಗಳಲ್ಲಿ ಒಣಕಡ್ಡಿ. ಅಲ್ಲಿಂದ ಮುಂದೆ ಊರನ್ನು ಅಂದಗಾಣಿಸುವ ಹೂಗಳೇ ಬೇರೆ. ಅವು ಹೆಚ್ಚಾಗಿ ಕಾರ್ಮಿಕರ ಲೈನ್ ಮನೆಗಳ ಮುಂದೆ, ಹಳೆಯ ಎಣ್ಣೆ ಡಬ್ಬಗಳಲ್ಲಿ, ಒಡೆದ ಬಿಂದಿಗೆಗಳಲ್ಲಿ ಬೆಳೆದಂಥವು. ಬಂಗಲೆಯ ತೋಟಕ್ಕೆ ಮಾಲಿಗಳಿದ್ದರು. ಇವಕ್ಕೆ ಇದ್ದದ್ದು ಮನೆಯ ಹೆಂಗಸರು, ಮುದುಕರು, ಮಕ್ಕಳು.

ಈಗ ಗಡಿಯಾರಕ್ಕೆ ಬರೋಣ.

ದಾಸವಾಳದ ಮೊಗ್ಗು ಹಿಂದಿನ ಸಂಜೆಯೇ ಮಡಿಸಿದ ಕೊಡೆಯಂತೆ ಸುರುಳಿ ಸುತ್ತಿ ಸಿದ್ಧವಾಗಿರುತ್ತದೆ. ಬೆಳಕು ಹರಿಯುತ್ತಿದ್ದಂತೆ ಸುರುಳಿ ಸಡಿಲುತ್ತದೆ. ಎಂಟು ಗಂಟೆಯ ಹೊತ್ತಿಗೆ ತಟ್ಟೆಯಗಲ. ಸಾಮಾನ್ಯ ಕೆಂಪು ದಾಸವಾಳದ ಆಯುಸ್ಸು ಒಂದೇ ದಿನ. ಸಂಜೆಗೆ ಮತ್ತೆ ಸುರುಳಿ ಸುತ್ತಿಕೊಂಡು ಮಾರನೆಯ ದಿನ ಉದುರುತ್ತದೆ. ಅದಕ್ಕೇ ದೇವರಿಗೆ ಕೀಳುವವರು ಬೆಳಗ್ಗೆಯೇ ಕೀಳುವುದು. ನನ್ನದೊಂದು ಬಿನ್ನಹ: ಎಲ್ಲವನ್ನೂ ಕೀಳಬೇಡಿ, ಎರಡಾದರೂ ಗಿಡದಲ್ಲಿ ಬಿಡಿ. ಏಳು ಗಂಟೆಗೆ ಸೂರಕ್ಕಿ ಬರುತ್ತದೆ. ಬೆರಳುದ್ದದ ಹಕ್ಕಿ, ಬಾಗಿದ ಕೊಕ್ಕು, ಗಂಡಿನ ಮೈ ಬಿಸಿಲಿಗೆ ನೇರಳೆಯಾಗಿ ಮಿಂಚುತ್ತದೆ. ಬೆಳಗ್ಗೆ ಏಳಕ್ಕೆ ಕಿಟಕಿಯ ಹತ್ತಿರ ಅಲ್ಲಾಡದೆ ಕುಳಿತರೆ, ಅದು ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ ಮಕರಂದ ಕದಿಯುವುದನ್ನು ನೋಡಬಹುದು. ಕದಿಯುವುದು ಎಂದೇ ಹೇಳಬೇಕು, ಹಾಗೆ ಹೀರಿದರೆ ಪರಾಗ ಅದರ ಮೈಗೆ ಅಂಟುವುದೇ ಇಲ್ಲ.

ರಾತ್ರಿ ಪಾಳಿ ಮುಗಿಸಿ ಮೇಲೆ ಬರುವ ಗಣಿ ಕಾರ್ಮಿಕರಿಗೆ ಸಿಗುತ್ತಿದ್ದದ್ದು ಈ ಗಂಟೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ಗಣಿಯಿಂದ ನಿವೃತ್ತರಾದವರು ಪಿಂಚಣಿಗೆ, ಠೇವಣಿಗೆ ಬರುತ್ತಿದ್ದರು. ಪಾಸ್‌ಬುಕ್ಕಿನ ಕೆಲಸ ಮುಗಿದರೂ ಎರಡು ಮಾತು ಆಡದೆ ಹೋಗುವವರಲ್ಲ. ಅವರಲ್ಲಿ ಒಬ್ಬ ಹಿರಿಯರು ಹೇಳುತ್ತಿದ್ದದ್ದು ನೆನಪಿದೆ. ಕತ್ತಲಲ್ಲಿ ಇಳಿದು, ಕತ್ತಲಲ್ಲೇ ಎಂಟು ಗಂಟೆ ದುಡಿದು, ಪಂಜರದ ಲಿಫ್ಟಿನಲ್ಲಿ ಮೇಲೆ ಬಂದು ಮನೆಗೆ ನಡೆದರೆ, ಮೊದಲು ಕಣ್ಣಿಗೆ ಕುಕ್ಕುತ್ತಿದ್ದ ಬಣ್ಣ ಬಾಗಿಲ ಪಕ್ಕದ ದಾಸವಾಳದ ಕೆಂಪಂತೆ. ಸ್ವಲ್ಪ ಹೊತ್ತು ನೋಡಲಾಗದೆ ಕಣ್ಣು ಮುಚ್ಚಿಕೊಳ್ಳಬೇಕಾಗುತ್ತಿತ್ತಂತೆ.

ಎಂಟರಿಂದ ಹತ್ತರವರೆಗೆ ಜೇನುನೊಣಗಳ ಪಾಳಿ. ಈ ಹೊತ್ತಿನಲ್ಲಿ ಮನೆಯಂಗಳ ಬಿಟ್ಟು ರಸ್ತೆಗೆ ಬನ್ನಿ. ಹೊಂಗೆಯ ಮರದಡಿ ನೆಲದ ಮೇಲೆ ಯಾರೋ ಮಂಡಕ್ಕಿ ಚೆಲ್ಲಿದಂತಿರುತ್ತದೆ. ತಲೆ ಎತ್ತಿದರೆ ಇಡೀ ಮರ ಗುಂಯ್ ಎನ್ನುತ್ತದೆ. ಬೇವು ಯುಗಾದಿಗೆ ಹೂ ಬಿಟ್ಟು ನಮಗೆ ಬೇವು ಬೆಲ್ಲ ಕೊಟ್ಟಾಗಿದೆ. ಕಕ್ಕೆಯ ಮರ ಎಲೆಯೆಲ್ಲ ಕಳಚಿಕೊಂಡು ಹಳದಿ ಗೊಂಚಲುಗಳನ್ನು ಜೂಲು ಬಿಟ್ಟಿರುತ್ತದೆ. ಈ ಮೂರೂ ನಮ್ಮ ನೆಲದ ಮರಗಳು. ಮಳೆಗಾಲದಲ್ಲಿ ಕುಡಿದ ನೀರನ್ನು ಬೇರಿನಾಳದಲ್ಲಿ ನಂಬಿಕೊಂಡು, ಯಾರೂ ಒಂದು ಚೊಂಬು ಹಾಕದೆ, ಬಿರುಬೇಸಿಗೆಯಲ್ಲೇ ಹೂ ಬಿಡುತ್ತವೆ.

ಹತ್ತು ಗಂಟೆ ಹೂವನ್ನು ಕೆಲವರು ಟೇಬಲ್ ರೋಸ್ ಎನ್ನುತ್ತಾರೆ. ಗೇಣುದ್ದದ ಗಿಡ, ಸೂಜಿಯಂಥ ದಪ್ಪ ಎಲೆ, ಹಳದಿ, ಕೆಂಪು, ರಾಣಿ ಬಣ್ಣದ ಹೂ. ಮೂಲ ದಕ್ಷಿಣ ಅಮೆರಿಕ. ಬಿಸಿಲು ಚುರುಕಾದರೆ ಮಾತ್ರ ಅರಳುತ್ತದೆ. ಮೋಡ ಮುಸುಕಿದ ದಿನ ಅಂಗಡಿ ಬಾಗಿಲೇ ತೆಗೆಯುವುದಿಲ್ಲ. ಬ್ಯಾಂಕಿಗೆ ರಜೆ ಇದ್ದ ಹಾಗೆ. ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವುದರಿಂದ ಎರಡು ದಿನ ಮರೆತರೂ ಬದುಕುತ್ತದೆ. ಒಂದು ತುಂಡು ಮುರಿದು ಮಣ್ಣಿಗೆ ಚುಚ್ಚಿದರೆ ಹೊಸ ಗಿಡ. ತೆಂಗಿನ ಚಿಪ್ಪಿನಲ್ಲೂ ಬೆಳೆಯುತ್ತದೆ. ರಜೆಯಲ್ಲಿ ಮೊದಲ ಗಿಡ ನೆಡುವ ಮಗುವಿಗೆ ನಾನು ಸದಾ ಇದನ್ನೇ ಕೊಡುತ್ತೇನೆ.

ಹನ್ನೊಂದರಿಂದ ಮೂರರವರೆಗೆ ಹೊರಗೆ ನಿಲ್ಲಲಾಗದ ಬಿಸಿಲು. ಗುಲಾಬಿ ಬಾಡಿ ಬಣ್ಣಗೆಟ್ಟಿರುತ್ತದೆ. ಬೇಸಿಗೆಯ ಗುಲಾಬಿಯ ಮೇಲೆ ನನಗೆ ಅಷ್ಟೇನೂ ಪ್ರೀತಿ ಇಲ್ಲ, ಬೇಕಾದವರು ಮುನಿಸಿಕೊಳ್ಳಲಿ. ಈ ಹೊತ್ತಿನ ರಾಜ ಕಾಗದದ ಹೂ, ಬೋಗನ್‌ವಿಲ್ಲಾ. ಹಳೆಯ ಬಂಗಲೆಗಳ ಕಾಂಪೌಂಡುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಉಳಿಯಬಲ್ಲ ಗಿಡ ಇದು. ನೀರು ಕಮ್ಮಿಯಾದಷ್ಟೂ ಹೂ ಹೆಚ್ಚು. ನೀರು ಸುರಿದರೆ ಬರೀ ಎಲೆ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿ. ನಾವು ದಳ ಎಂದುಕೊಂಡಿರುವ ಮೂರು ಬಣ್ಣದ ಹಾಳೆಗಳು ದಳಗಳಲ್ಲ, ಬಣ್ಣ ಬಳಿದುಕೊಂಡ ಎಲೆಗಳು. ಅವುಗಳ ನಡುವೆ ಕಡ್ಡಿಯಂತೆ ನಿಂತ ಮೂರು ಸಣ್ಣ ಬಿಳಿಯ ಕೊಳವೆಗಳಿವೆಯಲ್ಲ, ಅವೇ ನಿಜವಾದ ಹೂಗಳು.

ಈ ಗಿಡದ ಹಿಂದೆ ಒಂದು ಕಥೆಯಿದೆ. 1760ರ ದಶಕದಲ್ಲಿ ಬೋಗನ್‌ವಿಲ್ ಎಂಬ ಫ್ರೆಂಚ್ ನಾವಿಕ ಭೂಮಿಯನ್ನು ಸುತ್ತಲು ಹಡಗು ಹೊರಡಿಸಿದ. ಆ ಯಾನದಲ್ಲಿ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನಿದ್ದ. ಬ್ರೆಜಿಲಿನಲ್ಲಿ ಈ ಬಳ್ಳಿ ಅವರ ಕಣ್ಣಿಗೆ ಬಿತ್ತು. ಯಾನದ ನಾಯಕನ ಹೆಸರನ್ನೇ ಇಟ್ಟರು. ಕಾಮರ್ಸನ್‌ಗೆ ಗಿಡಗಳನ್ನು ಕೂಡಿಹಾಕಲು ಒಬ್ಬ ಸಹಾಯಕನಿದ್ದ. ಬಹಳ ದಿನಗಳ ಮೇಲೆ ತಿಳಿದದ್ದೇನೆಂದರೆ, ಅವನು ಅವನಲ್ಲ, ಅವಳು! ಹೆಸರು ಜಾನ್ ಬರೆ. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಗಂಡಸಿನ ವೇಷ ಹಾಕಿಕೊಂಡು ಹೊರಟಿದ್ದಳು. ಭೂಮಿಯನ್ನು ಸುತ್ತಿದ ಮೊದಲ ಹೆಂಗಸು ಎಂದು ಇಂದು ಅವಳನ್ನು ಗುರುತಿಸುತ್ತಾರೆ. ಕಾಂಪೌಂಡಿನ ಕಾಗದದ ಹೂ ನೋಡಿದಾಗ ಬೋಗನ್‌ವಿಲ್ ಸಾಹೇಬನಿಗಿಂತ ನನಗೆ ಅವಳದೇ ನೆನಪು ಹೆಚ್ಚು.

ಗುಲ್‌ಮೊಹರ್ ಕೂಡ ಈ ಹೊತ್ತಿನದೇ. ಅದು ಮಡಗಾಸ್ಕರ್ ದ್ವೀಪದಿಂದ ಬಂದ ಮರ. ಐದು ದಳಗಳಲ್ಲಿ ನಾಲ್ಕು ಕೆಂಪು, ಒಂದು ಮಾತ್ರ ಬಿಳಿ ಬೆರೆತು ಚುಕ್ಕೆ ಚುಕ್ಕೆ. ಅದರ ಕೇಸರಗಳನ್ನು ಕಿತ್ತು, ತುದಿಗೆ ತುದಿ ಸಿಕ್ಕಿಸಿ ಎಳೆದು ‘ಕೋಳಿ ಜಗಳ’ ಆಡುವುದು ಗೊತ್ತೇ? ಯಾರ ಕೇಸರದ ತಲೆ ಉಳಿಯುತ್ತದೋ ಅವರು ಗೆದ್ದಂತೆ. ಮೊಮ್ಮಕ್ಕಳಿಗೆ ಗೊತ್ತಿಲ್ಲದಿದ್ದರೆ ತಾತಂದಿರು ಇವತ್ತೇ ಕಲಿಸಬಹುದು. ಸೋತರೆ ಅಳಬಾರದು. ತಾತನಿಗೆ ಹೇಳಿದ್ದು.

ನೆರಳಿನ ಕಡೆ ಕನಕಾಂಬರ ಇರುತ್ತದೆ. ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಹೆಚ್ಚು ಕಡಿಮೆ ಒಂದೇ ಹೆಸರು. ಮೂರು ಭಾಷೆಯ ಜನ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುವ ನಮ್ಮ ಊರಿಗೆ ತಕ್ಕ ಹೂ. ವಾಸನೆ ಇಲ್ಲ, ಆದರೆ ಮುಡಿದರೆ ಬೇಗ ಬಾಡುವುದಿಲ್ಲ. ಅದರ ಒಣಗಿದ ಕಾಯಿಗೆ ಒಂದು ತೊಟ್ಟು ನೀರು ತಾಗಿಸಿ ಸ್ವಲ್ಪ ಕಾಯಿರಿ. ಪಟ್ ಎಂದು ಸಿಡಿದು ಬೀಜ ಹಾರುತ್ತದೆ. ಮಳೆ ಬಂತು, ಈಗ ಮೊಳೆಯಬಹುದು ಎಂದು ಬೀಜವನ್ನು ಹೊರಗಟ್ಟುವ ಉಪಾಯ ಅದು. ಅಂಗಡಿಯಲ್ಲಿ ಸಿಗುವ ‘ದೆಹಲಿ ಕನಕಾಂಬರ’ದಲ್ಲಿ ಈ ಆಟ ಆಗದು, ಅದು ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು.

ಇಷ್ಟೆಲ್ಲಾ ಹೇಳುತ್ತಾ ಹೋದರೆ, ಕೋಲಾರ ಜಿಲ್ಲೆ ಬಲ್ಲವರು ಕೇಳುವ ಪ್ರಶ್ನೆ ಒಂದೇ: ನೀರು ಎಲ್ಲಿದೆ ಸ್ವಾಮಿ? ನ್ಯಾಯವಾದ ಪ್ರಶ್ನೆ. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಗಣಿಯ ಕಾಲದಲ್ಲಿ ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ನೀರು ತಂದು ಕೆಜಿಎಫ್‌ಗೆ ಹಂಚಿದರು. ಕರೆಂಟು ಇನ್ನೂ ದೂರದಿಂದ ಬಂತು. 1902ರಲ್ಲಿ ಶಿವನಸಮುದ್ರದಿಂದ, ಬೆಂಗಳೂರಿಗಿಂತ ಮೊದಲೇ. ಆ ನಲ್ಲಿ ನೀರಿನ ಬಲದಲ್ಲೇ ಬಂಗಲೆಗಳ ಹುಲ್ಲುಹಾಸು, ಪಾತಿಗಳು. ನಂತರ ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ಸೊರಗಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಟ್ಯಾಂಕರಿನ ಹಾದಿ ಕಾಯುವುದು, ಬಿಂದಿಗೆ ಸಾಲಿಡುವುದು ಬೇಸಿಗೆಯ ಪದ್ಧತಿಯೇ ಆಯಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಒಳಿತು ಕೆಡಕುಗಳ ಚರ್ಚೆ ಬೇರೆ, ಅದಕ್ಕೆ ಈ ಪುಟ ಸಾಲದು.

ಕುಡಿಯುವ ನೀರನ್ನು ದುಡ್ಡು ಕೊಟ್ಟು ತರುವ ಊರಿನಲ್ಲಿ ಹೂವಿಗೆ ನೀರು ಹಾಕುವುದು ಸರಿಯೇ? ನಮ್ಮ ಮನೆಯಲ್ಲೂ ಈ ಮಾತು ಎದ್ದಿದೆ, ಸೊಸೆ ಕೇಳಿದ್ದಾಳೆ. ಬ್ಯಾಂಕಿನವನಿಗೆ ಗೊತ್ತಿರುವ ಉತ್ತರ ಲೆಕ್ಕ ಒಂದೇ. ಒಂದು ವಾರ ಜಮಾ ಖರ್ಚು ಬರೆದೆ. ನಮ್ಮಲ್ಲಿರುವುದು ಇಪ್ಪತ್ನಾಲ್ಕು ಕುಂಡ. ಬೇಸಿಗೆಯಲ್ಲಿ ಮಲ್ಲಿಗೆ, ದಾಸವಾಳದ ದೊಡ್ಡ ಕುಂಡಕ್ಕೆ ದಿನಕ್ಕೆ ಒಂದು ಲೀಟರು. ಹತ್ತು ಗಂಟೆ ಹೂ, ಕಾಗದದ ಹೂವಿಗೆ ದಿನ ಬಿಟ್ಟು ದಿನ ಅರ್ಧ ಲೀಟರು. ಒಟ್ಟು ಖರ್ಚು ದಿನಕ್ಕೆ ಹದಿನೈದು ಲೀಟರು, ಅಂದರೆ ಒಂದು ಬಕೆಟ್. ಇನ್ನು ಜಮಾ: ಅಕ್ಕಿ ಬೇಳೆ ತೊಳೆದ ನೀರು ನಾಲ್ಕು ಲೀಟರು, ತರಕಾರಿ ಸೊಪ್ಪು ತೊಳೆದದ್ದು ಐದು ಲೀಟರು, ಸೋಪಿಲ್ಲದೆ ಕೈಕಾಲು ತೊಳೆದದ್ದನ್ನು ಹಿಡಿದಿಟ್ಟರೆ ಆರೇಳು ಲೀಟರು. ಲೆಕ್ಕ ಸರಿಹೋಯಿತು. ಸೊಸೆ ರುಜು ಹಾಕಿದಳು. ಈಗ ಆ ಬಕೆಟ್ಟಿನ ಉಸ್ತುವಾರಿ ಮೊಮ್ಮಗನದು.

ಮೂರು ಎಚ್ಚರಿಕೆ ಹೇಳಬೇಕು. ಅಡುಗೆಮನೆಯ ಫಿಲ್ಟರಿನಿಂದ ಹೊರಬರುವ ವ್ಯರ್ಥ ನೀರನ್ನು ಕುಂಡಗಳಿಗೆ ಸುರಿಯಬೇಡಿ. ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಲವಣಾಂಶ ಮೊದಲೇ ಹೆಚ್ಚು, ಫಿಲ್ಟರ್ ಬಿಸಾಡುವ ನೀರಿನಲ್ಲಿ ಇನ್ನೂ ಹೆಚ್ಚು. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿ ಗಿಡದ ಎಲೆಯಂಚು ಸುಡುತ್ತದೆ. ಅದು ನೆಲ ಒರೆಸಲು ಆದೀತು. ಎರಡನೆಯದು, ಬೆಳಗ್ಗೆ ಏಳರೊಳಗೆ ಇಲ್ಲವೇ ಹೊತ್ತು ಮುಳುಗಿದ ಮೇಲೆ ನೀರು ಹಾಕಿ, ನಡುಹಗಲಲ್ಲಿ ಹಾಕಿದರೆ ಬಹುಪಾಲು ಬಿಸಿಲಿಗೇ ಸೇರುತ್ತದೆ. ಕುಂಡದ ಬಾಯಿಗೆ ಒಣ ಎಲೆ, ತೆಂಗಿನ ನಾರು ಮುಚ್ಚಿದರೆ ತೇವ ಉಳಿಯುತ್ತದೆ. ಮೂರನೆಯದು ಕೆಜಿಎಫ್‌ನ ದಿಬ್ಬಗಳ ಹತ್ತಿರ ಇರುವವರಿಗೆ: ಎಲೆಯ ಮೇಲೆ ಕೂತ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆದರೆ ಮಕ್ಕಳ ಕೈಯಲ್ಲಿ ಮಾಡಿಸಬೇಡಿ. ದೊಡ್ಡವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ, ಆಮೇಲೆ ಕೈ ತೊಳೆಯಿರಿ.

ಬಿಸಿಲಿಳಿದರೆ ಸಂಜೆಮಲ್ಲಿಗೆಯ ಪಾಳಿ. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಮಲ್ಲಿಗೆಯ ಜಾತಿಯಲ್ಲ, ದಕ್ಷಿಣ ಅಮೆರಿಕದ ನೆಂಟ. ಇಂಗ್ಲಿಷಿನಲ್ಲಿ ಇದಕ್ಕೆ ‘ನಾಲ್ಕು ಗಂಟೆ ಹೂ’ ಎಂದೇ ಹೆಸರು. ನಮ್ಮಲ್ಲಿ ಏಪ್ರಿಲಿನ ಬಿಸಿಲಿಗೆ ಹೆದರಿ ಅರ್ಧ ಗಂಟೆ, ಒಂದು ಗಂಟೆ ತಡ ಮಾಡುತ್ತದೆ. ಅರಳಿದ್ದು ಮಾರನೆಯ ಬೆಳಗ್ಗೆ ಬಿಸಿಲು ಬರುವವರೆಗೆ ಇರುತ್ತದೆ. ಇದರಲ್ಲಿ ಕೆಂಪು ಹೂವಿನ ಗಿಡವನ್ನೂ ಬಿಳಿ ಹೂವಿನ ಗಿಡವನ್ನೂ ಕೂಡಿಸಿದರೆ ಮರಿಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಪಿಯುಸಿ ಜೀವಶಾಸ್ತ್ರದಲ್ಲಿ ಓದುವ ಪಾಠ ಇದು. ಜರ್ಮನಿಯ ಕೊರೆನ್ಸ್ ಎಂಬ ವಿಜ್ಞಾನಿ ಈ ಗಿಡದ ಮೇಲೆ ಪ್ರಯೋಗ ಮಾಡಿದವನು. ಅಕ್ಕಂದಿರು ಪುಸ್ತಕದಲ್ಲಿ ಓದಿದ್ದನ್ನು ತಮ್ಮಂದಿರು ಹಿತ್ತಲಲ್ಲಿ ನೋಡಬಹುದು. ಇದರ ಕಪ್ಪು ಬೀಜ ಮೆಣಸಿನಕಾಳಿನಂತಿರುತ್ತದೆ. ಬಾಯಿಗೆ ಹಾಕಿಕೊಳ್ಳಬೇಡಿ, ವಿಷ. ಬಣ್ಣಬಣ್ಣದ ಕಣಗಿಲೆ ಗಿಡವೂ ಅಷ್ಟೇ. ನೋಡಲು ಚೆಂದ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ.

ಕೊನೆಗೆ ದುಂಡುಮಲ್ಲಿಗೆ. ಈ ಗಡಿಯಾರದಲ್ಲಿ ನಾನು ಬಹಳ ಹೊತ್ತು ನಿಲ್ಲುವ ಜಾಗ ಇದೇ.

ಮಲ್ಲಿಗೆ ಬೇಸಿಗೆಯದೇ ಹೂ. ಮಾರ್ಚಿಯಿಂದ ಜೂನ್‌ವರೆಗೆ ಅದರ ಸುಗ್ಗಿ. ಆದರೆ ಕೆಲಸ ಚಳಿಗಾಲದಲ್ಲೇ ಆಗಿರಬೇಕು: ನವೆಂಬರ್ ಡಿಸೆಂಬರಿನಲ್ಲಿ ನೀರು ನಿಲ್ಲಿಸಿ, ಕೊಂಬೆಗಳನ್ನು ಕತ್ತರಿಸಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ಶುರುಮಾಡಬೇಕು. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಕಟ್ಟುವುದು. ಕತ್ತರಿಸಲು ಮನಸ್ಸು ಬಾರದೆ ಬಿಟ್ಟವರ ಗಿಡ ಎತ್ತರಕ್ಕೆ ಹೋಗುತ್ತದೆ, ಮಡಿಲಿಗೆ ಹೂ ಬರುವುದಿಲ್ಲ. ಇವತ್ತು ಸಂಜೆ ಅರಳುವ ಮೊಗ್ಗು ಬೆಳಗ್ಗೆಯೇ ಗೊತ್ತಾಗುತ್ತದೆ. ನಾಳಿನದು ಹಸುರು ಮಿಶ್ರಿತವಾಗಿ ಗಟ್ಟಿಯಾಗಿರುತ್ತದೆ. ಇಂದಿನದು ಪೂರ್ತಿ ಬೆಳ್ಳಗೆ ಉಬ್ಬಿರುತ್ತದೆ. ಹೂ ಮಾರುವವರು ನಸುಕಿನಲ್ಲೇ ಅದನ್ನು ಕಿತ್ತು ಪೇಟೆಗೆ ತರುತ್ತಾರೆ. ಮಾಲೆ ಕಟ್ಟುವಾಗ ಮೊಗ್ಗು, ಮುಡಿಯುವಾಗ ಹೂ. ಕಿತ್ತ ಮೇಲೂ ಸಮಯ ಮರೆಯದ ಹೂವಿದು.

ಬಿಳಿ ಬಣ್ಣ, ರಾತ್ರಿಯ ಘಮ ಏಕೆ? ಹಗಲು ಜೇನುನೊಣಕ್ಕೆ ಬಣ್ಣ ಕಾಣುತ್ತದೆ. ಕತ್ತಲಲ್ಲಿ ಹಾರುವ ಪತಂಗಗಳಿಗೆ ಬಣ್ಣ ಏತಕ್ಕೆ? ಅವುಗಳಿಗೆ ಬಿಳಿ ಕಂಡರೆ ಸಾಕು, ದೂರದಿಂದ ಪರಿಮಳ ಸಿಕ್ಕರೆ ಸಾಕು. ಅದಕ್ಕೇ ರಾತ್ರಿ ಅರಳುವ ಹೂಗಳು ಬಹುಪಾಲು ಬಿಳಿ, ಬಹುಪಾಲು ಪರಿಮಳ. ತಮಾಷೆ ಎಂದರೆ ನಮ್ಮ ದುಂಡುಮಲ್ಲಿಗೆಯಲ್ಲಿ ಬೀಜ ಕಟ್ಟುವುದು ಕಾಣಸಿಗುವುದೇ ಅಪರೂಪ. ಯಾವ ಪತಂಗ ಬಂದರೂ ಪ್ರಯೋಜನವಿಲ್ಲ, ಆದರೂ ಕರೆಯುವುದನ್ನು ಬಿಟ್ಟಿಲ್ಲ. ಗಿಡ ಹೆಚ್ಚುವುದು ಮನುಷ್ಯರ ಕೈಯಿಂದ, ಕಡ್ಡಿಯಿಂದ. ನಮ್ಮ ಮನೆಯ ಗಿಡವೂ ಹಾಗೆ ಒಂದು ಲೈನ್ ಮನೆಯಿಂದ ಕಡ್ಡಿಯಾಗಿ ಬಂದದ್ದೇ. ಆ ಮನೆಯವರಿಗೆ ಅದನ್ನು ಕೊಟ್ಟವರು ಯಾರೋ, ಅವರಿಗೆ ಇನ್ಯಾರೋ.

ಗಣಿ ಮುಚ್ಚಿದ ಮೇಲೆ ಇಲ್ಲಿನ ಬಹಳ ಜನರ ದುಡಿಮೆ ಬೆಂಗಳೂರಿಗೆ ಹೋಯಿತು. ಬೆಳಗಿನ ಜಾವದ ಗಾಡಿಗೆ ಹೊರಟರೆ ಮನೆ ಸೇರುವುದು ರಾತ್ರಿ. ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಹೀಗೆ ದಿನಾ ಹೋಗಿ ಬರುವವರು ಸಾವಿರಾರು. ಅವರು ಹೊರಡುವಾಗ ದಾಸವಾಳ ಇನ್ನೂ ಸುರುಳಿ. ಹತ್ತು ಗಂಟೆ ಹೂ ಅರಳುವಾಗ ಅವರು ಯಾವುದೋ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ. ಕಾಗದದ ಹೂ ಕುಕ್ಕುವ ಹೊತ್ತಿಗೆ ಊಟದ ಡಬ್ಬಿ ಬಿಚ್ಚುತ್ತಿರುತ್ತಾರೆ. ತಮ್ಮ ಮನೆಯ ಮುಂದಿನ ತೋಟವನ್ನು ಬೆಳಕಿನಲ್ಲಿ ನೋಡುವುದು ಅವರಿಗೆ ಭಾನುವಾರ ಮಾತ್ರ. ವಾರದ ಉಳಿದ ಆರು ದಿನ ಅವರ ಪಾಲಿಗೆ ಬರುವುದು ಈ ಮಲ್ಲಿಗೆ ಒಂದೇ. ಗೇಟು ತೆಗೆಯುವ ಮೊದಲೇ ಮೂಗಿಗೆ ಬರುತ್ತದೆ.

ಇಡೀ ಗಡಿಯಾರವನ್ನು ಮುಳ್ಳು ತಿರುಗಿದಂತೆ ನೋಡಲು ಸಿಗುವುದು ಮನೆಯಲ್ಲಿ ಉಳಿದವರಿಗೆ: ರಜೆಯ ಮಕ್ಕಳಿಗೆ, ನಮ್ಮಂಥ ಮುದುಕರಿಗೆ. ಆದ್ದರಿಂದ ಒಂದು ಕೆಲಸ ಮಾಡಿ. ಹಳೆಯ ನೋಟ್‌ಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿ. ಹೂವಿನ ಹೆಸರು, ಅರಳಿದ ಹೊತ್ತು, ಮುಚ್ಚಿದ ಹೊತ್ತು, ಭೇಟಿಗೆ ಬಂದವರು ಯಾರು. ಹೆಸರನ್ನು ಅಜ್ಜಿ ಹೇಳಲಿ, ಹೊತ್ತನ್ನು ಮೊಮ್ಮಗಳು ಬರೆಯಲಿ. ಒಂದು ವಾರ ಬರೆದರೆ ನಿಮ್ಮ ಊರಿನ ಗಡಿಯಾರ ಸಿದ್ಧ. ಮೋಡದ ದಿನ ಎಷ್ಟು ತಡವಾಯಿತು ಎಂಬುದನ್ನೂ ಬರೆಯಿರಿ, ಲಿನಿಯಸ್ ಕೂಡ ಹವೆಯ ಮೇಲೆ ಸಮಯ ಬದಲಿಸುವ ಹೂಗಳನ್ನು ಬೇರೆ ಗುಂಪಿಗೆ ಸೇರಿಸಿದ್ದ. ರಾತ್ರಿ ಅಪ್ಪನೋ ಅಮ್ಮನೋ ಗಾಡಿಯಿಂದ ಇಳಿದು ಬಂದು ಊಟಕ್ಕೆ ಕುಳಿತಾಗ ಆ ದಿನದ ಹಾಳೆಯನ್ನು ಓದಿ ಹೇಳಿ. ಅವರು ನೋಡದ ಹಗಲು ಅದರಲ್ಲಿರುತ್ತದೆ.

ಎರಡು ಹೂಗಳು ಈ ಪಟ್ಟಿಗೆ ಸಿಗುವುದಿಲ್ಲ, ಅವಕ್ಕೆ ಕಾಯಬೇಕು. ಒಂದು, ಬ್ರಹ್ಮಕಮಲ ಎಂದು ನಾವು ಕರೆಯುವ ಕಳ್ಳಿಜಾತಿಯ ಹೂ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ; ಇದು ಅಮೆರಿಕ ಖಂಡದ್ದು. ಮೊಗ್ಗು ಬಾಗಿದ ಕತ್ತನ್ನು ಮೇಲೆತ್ತಿದರೆ ಆ ರಾತ್ರಿಯೇ ಅರಳುತ್ತದೆ. ಒಂಬತ್ತಕ್ಕೆ ಶುರುವಾಗಿ ನಡುರಾತ್ರಿಗೆ ಪೂರ್ತಿ, ಬೆಳಗ್ಗೆ ಜೋಲು. ಅಕ್ಕಪಕ್ಕದವರನ್ನು ಕರೆದು, ಕಾಫಿ ಮಾಡಿ, ಕಾದು ನೋಡುವ ಹೂ ಅದು. ಇನ್ನೊಂದು, ವರ್ಷಕ್ಕೊಮ್ಮೆ ಮಾತ್ರ ಬರುವ ಚೆಂಡಿನಂಥ ಕೆಂಪು ಲಿಲ್ಲಿ. ಆಫ್ರಿಕದ ಗೆಡ್ಡೆ. ಹನ್ನೊಂದು ತಿಂಗಳು ಅದು ಎಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಗುಡುಗಿ ಒಂದು ಹದ ಮಳೆ ಬಿದ್ದರೆ, ಎಲೆಯೂ ಇಲ್ಲದ ಬರೀ ದಂಟು ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ. ನಮ್ಮ ಕುಂಡದಲ್ಲಿ ನಿನ್ನೆ ಮಣ್ಣು ಸ್ವಲ್ಪ ಬಿರುಕು ಬಿಟ್ಟಿದೆ. ಮೊಮ್ಮಗ ಬಕೆಟ್ ಹಿಡಿದು ಪಕ್ಕದಲ್ಲೇ ಕೂತಿದ್ದಾನೆ.